ತೋಳದ ಹೆಸರು ಹೇಳಲು ದುರ್ಗಕ್ಕೆ

ಮೊದಲು ನನ್ನ ದಡ್ಡತನವನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮಕ್ಕ ಹೇಳುತ್ತಾಳೆ, ಅದೂ ಖಾರ ಹೆಚ್ಚು ಹಾಕಿ. ಶ್ರೀರಾಂಪುರದ ಕಡೆ ಎಂಥವರ ದನಿಯನ್ನೂ ಅಣಕಿಸುವವನು ಎಂದು ನನಗೆ ಹೆಸರು. ಆ ಸೊಕ್ಕಿನಲ್ಲಿ ಒಂದು ಸಂಜೆ ನೆಂಟರನ್ನು ನಗಿಸಲು ತೋಳದಂತೆ ಊಳಿಟ್ಟೆ. ನೆಂಟರು ನಕ್ಕರು. ಅಕ್ಕನ ಮಗಳು ಗಂಗಿ, ಹನ್ನೊಂದು ವರ್ಷದವಳು, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅವಿತವಳು ಬೆಳಗಿನವರೆಗೆ ಈಚೆ ಬರಲಿಲ್ಲ. "ಕೆಡಿಸಿದೋನು ನೀನು, ದುರ್ಗದ ಮನಸಿನ ಡಾಕ್ಟರ ಹತ್ರ ನೀನೇ ಕರ್ಕಂಡು ಓಡಾಡು" ಎಂದಳು ಅಕ್ಕ.

ಹಿಂದಿನ ಬೇಸಿಗೆಯಲ್ಲಿ ಮಾರಿಕಣಿವೆ ಹಿನ್ನೀರಿನ ಹತ್ತಿರ ನಮ್ಮ ಕುರಿಮಂದೆ ಇದ್ದಾಗ, ಗಂಗಿ ಒಬ್ಬಳೇ ಕಾವಲಿದ್ದ ಹೊತ್ತಿನಲ್ಲಿ ಮುಳ್ಳುಬೇಲಿಯೊಳಗೆ ತೋಳ ನುಗ್ಗಿತ್ತು. ಆಮೇಲೆ ಮನೆಯಲ್ಲಿ ಯಾರೂ ಅದರ ಹೆಸರು ಎತ್ತಲಿಲ್ಲ. 'ಅದು' ಎನ್ನುವುದಷ್ಟೇ. ಮಗು ಮರೆಯಲಿ ಎಂದು ನಮ್ಮ ಲೆಕ್ಕ. ಮರೆತದ್ದು ನಿದ್ದೆಯನ್ನು, ಇಸ್ಕೂಲನ್ನು.

ಐದಾರು ಸಲ ದುರ್ಗಕ್ಕೆ ಹೋಗಿಬಂದಿದ್ದೆವು. ಈ ಸಲ ಗಂಗಿಯ ತಾತ ಕಟ್ಟಪ್ಪಣೆ ಮಾಡಿದ್ದರು: "ಇದೇ ಕಡೇದು. ಬರೋವಾಗ ಹಂಗೇ ಮಂದೆ ಹತ್ರ ಕರ್ಕಂಡು ಬಾ. ನೆಟ್ಟಗಾಗಿಲ್ಲ ಅಂದ್ರೆ ಅವಳ ಚಿಕ್ಕಮ್ಮನ ಊರಿಗೆ ಕಳಿಸ್ತೀನಿ. ಅಲ್ಲಿ ಕುರಿನೂ ಇಲ್ಲ, ಭಯಾನೂ ಇಲ್ಲ." ಕುರಿ ಬಿಟ್ಟಿರಲಾರದ ಹುಡುಗಿ ಆ ಮಾತು ಕೇಳಿ ಎರಡು ಹೊತ್ತು ಮುದ್ದೆ ಮುಟ್ಟಲಿಲ್ಲ.

ಹೊಸದುರ್ಗಕ್ಕೆ ಮೊದಲ ಬಸ್ಸು, ಅಲ್ಲಿಂದ ಹೊಳಲ್ಕೆರೆಗೆ ಇನ್ನೊಂದು. ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ದುರ್ಗದ ಬಸ್ಸಿನಲ್ಲಿ ಪಕ್ಕದ ಮುದುಕಿ ನನ್ನನ್ನು ಕೇಳಿದಳು: "ಡಾಕ್ಟರ ಹತ್ರಾನಾ? ಪಾಪ, ಮಗೀಗೆ ಏನಾಗೈತೆ?"

"ನಂಗಲ್ಲಜ್ಜಿ, ನಮ್ ಮಾವಂಗೆ. ತಲೆ ನೆಟ್ಟಗಿಲ್ಲ" ಎಂದಳು ಗಂಗಿ. ಮುದುಕಿ ನನ್ನಿಂದ ಒಂದು ಗೇಣು ದೂರ ಸರಿದಳು.

ದುರ್ಗದ ಬಂಡೆಗಳು ಕಾದ ಹೆಂಚಿನಂತಿದ್ದವು. ಡಾಕ್ಟರಮ್ಮನ ಕೋಣೆ ಮಾತ್ರ ತಂಪು. ಮೇಜಿನ ಮೇಲೆ ಮಣ್ಣಿನ ಕುರಿಗಳು, ಕಡ್ಡಿಯ ಬೇಲಿ, ಒಂದು ಮಣ್ಣಿನ ತೋಳ. ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನಕ್ಕೆ ಬಿಡುವುದನ್ನು ಆಕೆ ಮೊದಲು ಕಲಿಸಿದ್ದರು. ಆಮೇಲೆ ಆ ದಿನದ ಕಥೆ, ಸಲಕ್ಕೆ ಒಂದಿಷ್ಟು. ತೋಳ ಬೇಲಿ ಮುಟ್ಟಿದ ಕೂಡಲೇ ಗಂಗಿ ನಿಲ್ಲಿಸುತ್ತಿದ್ದಳು. ಡಾಕ್ಟರಮ್ಮ ಒತ್ತಾಯಿಸುತ್ತಿರಲಿಲ್ಲ.

ಮೊದಲ ಸಲ ನಾನು ಆಕೆಯ ಮೇಲೆ ರೇಗಿದ್ದೆ. "ನಾವು ಮರೆಸಾಕೆ ನೋಡ್ತಿದ್ರೆ ನೀವು ನೆಪ್ಪು ಮಾಡ್ತೀರಲ್ರಿ?"

"ಮರೆತಿದಾಳೇನ್ರಿ?" ಎಂದರು. ಆ ದನಿಯನ್ನು ಅಣಕಿಸಲು ಇವತ್ತಿಗೂ ನನಗೆ ಬಂದಿಲ್ಲ.

ಈ ಸಲ ಗಂಗಿ ನಿಲ್ಲಿಸಲಿಲ್ಲ. ಬೆವರಿದಳು, ಉಸಿರು ಬಿಟ್ಟಳು, ತೋಳವನ್ನು ತಾನೇ ಬೇಲಿಯೊಳಗೆ ಇಟ್ಟಳು. "ತೋಳ ಮರಿ ಕಚ್ಚಿತ್ತು. ನಾನು ಕಲ್ಲು ಬೀರಿದೆ. ಮರಿ ಬಿಟ್ಟು ಓಡ್ತು. ಆದ್ರೆ ಮರಿ ಸತ್ತೋಗಿತ್ತು." ಇವಳು ಕಲ್ಲು ಬೀರಿದ್ದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರೂ ಕೇಳಿರಲಿಲ್ಲವಲ್ಲ!

ಪೂರ್ತಿ ಗುಣವಾಯಿತು ಎಂದು ಸುಳ್ಳು ಹೇಳುವುದಿಲ್ಲ. ನಿದ್ದೆ ಬರುತ್ತಿತ್ತು, ಇಸ್ಕೂಲಿಗೆ ಹೋಗುತ್ತಿದ್ದಳು. ನಾಯಿ ಬೊಗಳಿದರೆ ಮಾತ್ರ ನನ್ನ ಅಂಗಿ ಹಿಡಿಯುತ್ತಿದ್ದಳು. ಇನ್ನೂ ಕೆಲವು ಸಲ ಬರಬೇಕು ಎಂದರು ಡಾಕ್ಟರಮ್ಮ.

ಹಿರಿಯೂರಿಗೆ ನಲವತ್ತು ಕಿಲೋಮೀಟರ್ ನಿಂತೇ ಬಂದೆವು. ತೆಂಗಿನಕಾಯಿ ಮೂಟೆಗಳಿಗೆ ಸೀಟು ಸಿಕ್ಕಿತ್ತು, ನಮಗಲ್ಲ. ಈ ವರ್ಷವೂ ಮಾರಿಕಣಿವೆಯಲ್ಲೇ ಇದ್ದ ಮಂದೆಯನ್ನು ಮುಟ್ಟಿದಾಗ ಹೊತ್ತು ಇಳಿದಿತ್ತು. ತಾತ ಬೇಲಿಯ ಬಾಗಿಲಿಗೆ ಮುಳ್ಳು ಎಳೆಯುತ್ತಿದ್ದರು.

"ಏನಂದ್ಲು ನಿಮ್ ಡಾಕ್ಟ್ರು?"

ನಾನು ಬಾಯಿ ತೆರೆಯುವ ಮೊದಲೇ ಗಂಗಿ ಶುರು ಮಾಡಿದಳು: "ತಾತ, ಅವತ್ತು ತೋಳ ಬಂದಾಗ ನಾನು..."

"ಲೇ, ಆ ಹೆಸರು ಎತ್ತಬ್ಯಾಡ!" ತಾತ ಕೋಲು ಕುಟ್ಟಿದರು. "ಹೆಸರು ಹಿಡಿದ್ರೆ ಕರೆದಂಗೆ, ಬಂದ್ಬಿಡ್ತೈತೆ. ಇದನ್ನಾ ಕಲಿಸಿದ್ದು? ನಾಳೆನೇ ಚಿಕ್ಕಮ್ಮನ ಊರಿಗೆ ಹೊಂಡು."

ಗಂಗಿ ನನ್ನ ಅಂಗಿ ಹಿಡಿಯಲಿಲ್ಲ. ನಿಂತಲ್ಲೇ ಒಂದು ಉಸಿರು ನಿಧಾನಕ್ಕೆ ಬಿಟ್ಟು, ತಾತನ ಮುಖವನ್ನೇ ನೋಡುತ್ತಾ ಒಂದು ಮಾತು ಕೇಳಿದಳು. ಆಮೇಲೆ ಚಿಕ್ಕಮ್ಮನ ಊರಿನ ಸುದ್ದಿಯೇ ಎದ್ದಿಲ್ಲ. ಮುಂದಿನ ಸಲ ದುರ್ಗಕ್ಕೆ ತಾತನೂ ಬಂದರು. ಅವಳು ಕೇಳಿದ್ದು ಇಷ್ಟೇ:

"ಅವತ್ತು ಯಾರು ಹೆಸರು ಹಿಡಿದು ಕರೆದಿದ್ರು ತಾತ? ಆದ್ರೂ ಬರಲಿಲ್ವಾ?"