ಎಳ್ಳಮಾವಾಸ್ಯೆಗೆ ಬಂದ ಖಾಡಿಯ ನೀರು

ಜತ್ತ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಸೇರಿದ ಮೇಲಿನ ವರ್ಷಗಳಲ್ಲಿ ನಾನು ನಮ್ಮೂರು ತಿಕೋಂಡಿ ಬಿಟ್ಟು ಗಂಡನ ಬೆನ್ನು ಹತ್ತಿ ಮುಂಬೈಗೆ ಹೋದೆ. ಅವರಿಗೆ ಗಿರಣಿಯಲ್ಲಿ ಕೆಲಸ. ನಮ್ಮ ಜೋಪಡಿ ಇದ್ದದ್ದು ಖಾಡಿಯ ದಂಡೆಯಲ್ಲಿ. ಸಮುದ್ರದ ನೀರು ದಿನಕ್ಕೆರಡು ಸಲ ಊರೊಳಗಿನ ಆ ತಗ್ಗಿಗೆ ಬರುತ್ತಿತ್ತು, ಎರಡು ಸಲ ಹೋಗುತ್ತಿತ್ತು. ಹೋದಾಗ ಕರಿ ಕೆಸರು, ಕೆಸರಿನ ತುಂಬ ಏಡಿ, ನೆತ್ತಿಯ ಮೇಲೆ ಕಣ್ಣಿಟ್ಟುಕೊಂಡು ಕುಪ್ಪಳಿಸುವ ಮೀನು, ಅವನ್ನು ಹೆಕ್ಕುವ ಬೆಳ್ಳಕ್ಕಿ. ಈ ಮೀನಿಗೆ ನೀರಲ್ಲಿರಲು ಏನು ಧಾಡಿ ಅಂತ ನಾನು ಬೈದುಕೊಳ್ಳುತ್ತಿದ್ದೆ. ಅದನ್ನು ಕಂಡರೆ ಹೆದರಿಕೆ, ಅದಕ್ಕೇ ಬೈಗುಳ.

ಒಂದು ಬೇಸಿಗೆಯಲ್ಲಿ ಲಾರಿಗಳು ಬಂದು ಖಾಡಿಗೆ ಕಲ್ಲುಮಣ್ಣು ಸುರಿಯತೊಡಗಿದವು. ನೀರಿಗೆ ಅಡ್ಡವಾಗಿ ಒಡ್ಡು ಎದ್ದಿತು. ಒಡ್ಡಿನ ಒಳಗಿನ ಮೂಲೆಗೆ ನೀರು ಬರುವುದು ನಿಂತು, ಉಪ್ಪುನೀರಿನಲ್ಲೇ ಬೆಳೆಯುವ ತಿವರ ಗಿಡಗಳು ನಿಂತಲ್ಲೇ ಒಣಗಿದವು. ನೆಲೆ ತಪ್ಪಿದ ಏಡಿಗಳು ನಮ್ಮ ಒಲೆಯ ತನಕ ಬಂದವು. ಪಕ್ಕದ ಜೋಪಡಿಯ ಮೀನು ಮಾರುವ ಮುದುಕಿ ಮೊದಲೆಲ್ಲ ಆಕಾಶ ನೋಡಿ ನೀರು ಬರುವ ಹೊತ್ತು ಹೇಳುತ್ತಿದ್ದಳು. ಈಗ ಕೇಳಿದರೆ, ಅದು ಯಾವ ದಾರಿ ಹಿಡಿಯುತ್ತದೋ ನನಗೂ ತಿಳಿಯದು ಮಗಳೇ ಎಂದು ಮರಾಠಿಯಲ್ಲಿ ಅಂದಳು. ಆಕೆಗೇ ತಿಳಿಯದಿದ್ದರೆ ನನ್ನ ಗತಿ ಏನು? ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ದಸರೆ ಮುಗಿಸಿ ಅತ್ತೆ ಊರಿಂದ ಮೊಮ್ಮಗನನ್ನು ನೋಡಲು ಬಂದರು. ಆದರೆ ಅವರ ಕಣ್ಣು ಮೊದಲು ಬಿದ್ದದ್ದು ಒಡ್ಡಿನ ಒಳಗೆ ಒಣಗಿ ಬಿರುಕು ಬಿಟ್ಟ ಆ ಕರಿ ನೆಲದ ಮೇಲೆ.

"ಇಂಥಾ ಎರಿ ಭೂಮಿ ಬೀಳ ಬಿಟ್ಟಾರಲ್ಲ, ಏನ್ ಮಂದಿ ಇವ್ರು. ಒಂದ್ ಹಿಡಿ ಕಡ್ಲಿ ಹಾಕಿದ್ರ ಏಳೂದಿಲ್ಲೇನ?"

"ಅತ್ತಿ, ಅದು ಹೊಲ ಅಲ್ರಿ. ಸಮುದ್ರದ ತಳ ಅದು."

"ಕೆರಿ ಬತ್ತಿದ ಮ್ಯಾಲ ಅಂಗಳದಾಗ ನಾವು ಬಿತ್ತೂದಿಲ್ಲೇನ? ಹ್ವಾದ ನೀರು ಮುಂದಿನ ಮಳಿಗೇ ಬರೂದು."

ನಮ್ಮ ಕಡೆ ಅದೇ ನಿಜ. ಅತ್ತೆ ಬಿತ್ತಿಯೇ ಬಿಟ್ಟರು. ದಂಡೆಯ ಬದಿಗೆ ನಾಲ್ಕಾರು ಮೊಳಕೆ ಹಳದಿಯಾಗಿ ಎದ್ದವು. ಅಷ್ಟಕ್ಕೇ ಅದು ಅವರ ಹೊಲವಾಯಿತು.

ಎಳ್ಳಮಾವಾಸ್ಯೆ ಬಂತು. ಆ ದಿನ ಹೊಲಕ್ಕೆ ಹೋಗಿ ಮಾಡಿದ ಅಡುಗೆಯನ್ನೆಲ್ಲ ಬೆಳೆಯ ಮೇಲೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಅತ್ತೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟುಕೊಂಡರು.

"ಇವತ್ತ ಅಮಾಸಿ, ಸಮುದ್ರ ಭಾಳ ಉಕ್ಕತೈತ್ರಿ. ದಂಡಿ ಮ್ಯಾಲೇ ನಿಂತು ಚೆಲ್ರಿ."

"ದೂರ ನಿಂತು ಒಗ್ಯಾಕ ಆಕಿ ಏನ್ ನಾಯಿ ಏನ? ತಾಯಿ ಆಕಿ," ಅಂದವರೇ ಕೆಳಗಿಳಿದರು.

ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ದಂಡೆಯ ಮೇಲೆ ನಿಂತೆ. ನೆತ್ತಿಯ ಮೇಲೆ ಬಿಸಿಲು. ನನ್ನ ಕಣ್ಣೆಲ್ಲ ಒಡ್ಡಿನ ಮೇಲೆ. ಒಡ್ಡು ಗಟ್ಟಿಯಾಗಿಯೇ ನಿಂತಿತ್ತು. ಆಚೆ ಜಾಗ ಸಿಗದ ನೀರು ಗಟಾರದೊಳಗೆ ಹೊಕ್ಕು, ನಮ್ಮ ಜೋಪಡಿಗಳ ಕಡೆಯಿಂದಲೇ ಒಳಗೆ ಹರಿಯಿತು. ಸದ್ದೇ ಇಲ್ಲ. ನಾನು ನೋಡುವಷ್ಟರಲ್ಲಿ ನನಗೂ ಅತ್ತೆಗೂ ನಡುವೆ ನೀರು. ಅವರು ಬೆನ್ನು ತಿರುಗಿಸಿ ಚರಗ ಚೆಲ್ಲುತ್ತಲೇ ಇದ್ದರು.

ಕೂಗಿದೆ. ತಿರುಗಿದರು, ಬರಲು ಹೊರಟರು. ನೆಂದ ನೆಲ ಕಾಲು ನುಂಗಿತು. ಮೊಣಕಾಲು, ಆಮೇಲೆ ತೊಡೆ. "ಬುಟ್ಟಿ ಬಿಡ್ರಿ ಅತ್ತಿ," ಅಂತ ಚೀರಿದರೂ ಎರಡೂ ಕೈ ಬುಟ್ಟಿಯ ಮೇಲೆಯೇ. ನೀರು ಎದೆಗೆ ಬಂತು. ಇಳಿದರೆ ಕೂಸು, ಇಳಿಯದಿದ್ದರೆ ಅತ್ತೆ. ಇಳಿಯಲು ಹೋದವಳ ತುರುಬು ಹಿಡಿದು ಮುದುಕಿ ಹಿಂದಕ್ಕೆಳೆದಳು. ನಮ್ಮ ಜೋಪಡಿಯ ಬಾಗಿಲನ್ನೇ ಕಿತ್ತು ನೀರಿಗೆ ಹಾಕಿ, ಅದರ ಮೇಲೆ ಬೋರಲಾಗಿ ಬಿದ್ದು ಕೈಯಿಂದ ತಳ್ಳಿಕೊಂಡು ಹೋದಳು. ಅತ್ತೆ ಆಗ ಬುಟ್ಟಿ ಬಿಟ್ಟರು. ಬಾಗಿಲ ಅಂಚು ಹಿಡಿದು ಬಂದವರ ಹಲ್ಲು ಕಟಕಟ ಅನ್ನುತ್ತಿದ್ದವು.

ಅದೇ ವಾರ ಅವರ ಜೊತೆ ನಾನೂ ಮಗನೂ ತಿಕೋಂಡಿಗೆ ಬಂದೆವು. ಗಂಡ ನಮ್ಮನ್ನು ಕರೆದೊಯ್ಯಲು ಬಂದದ್ದು ಮುಂದಿನ ಬೇಸಿಗೆಗೆ. ಊಟಕ್ಕೆ ಕೂತು ಹೇಳಿದರು: "ಆ ಮೂಲಿ ಪೂರಾ ಮುಚ್ಯಾರ ಯವ್ವಾ. ಅದರ ಮ್ಯಾಲ ಚಾಳ ಎದ್ದೈತಿ, ನಮಗೂ ಒಂದ್ ಖೋಲಿ ಸಿಕ್ಕೈತಿ. ಈಗ ಅಲ್ಲಿ ಹನಿ ನೀರು ಬರೂದಿಲ್ಲ."

"ಹಂಗಾರ ಆ ನೀರು ಎತ್ತ ಹೋತು?" ಅಂದರು ಅತ್ತೆ.

ಗಂಡ ರೊಟ್ಟಿ ಮುರಿದರು. "ಗೊತ್ತಿಲ್ಲ ಯವ್ವಾ," ಅಂದರು.

ಅತ್ತೆ ನನ್ನ ತೊಡೆಯ ಮೇಲಿದ್ದ ಮಗನನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು.