ಕಂಪ್ಯೂಟರಿನೊಳಗಿನ ಟ್ರಂಕು

ನನಗೆ ಕಸ ಕಂಡರಾಗದು. ನಾನು ಪೊರಕೆ ಹಿಡಿದೆನೆಂದರೆ ಹಳೆಯ ಲಗ್ನಪತ್ರಿಕೆಗಳಿಂದ ಹಿಡಿದು ಯಜಮಾನರ ಕನ್ನಡಕದವರೆಗೆ ಯಾವುದಕ್ಕೂ ಉಳಿಗಾಲವಿಲ್ಲ. ಇಂಥವಳ ಪಾಲಿಗೆ, ಯಾವುದನ್ನೂ ಎಸೆಯಬಾರದೆಂಬ ಕೆಲಸವೇ ಬಂದು ಬಿತ್ತು ನೋಡಿ!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಶ್ರೀನಿವಾಸಪುರದ ನಮ್ಮ ಮಾಧ್ಯಮಿಕ ಶಾಲೆಗೆ ಕಂಪ್ಯೂಟರು ಬಂತು. ಪ್ರತಿ ಮಗುವಿಗೂ ಅದರಲ್ಲೊಂದು ಫೋಲ್ಡರು ಮಾಡಿ, ವರ್ಷವಿಡೀ ಅದು ಬರೆದದ್ದು, ಬಿಡಿಸಿದ್ದು, ಮಾತಾಡಿದ್ದು ಎಲ್ಲವನ್ನೂ ಕೂಡಿಡಬೇಕೆಂದು ಕೋಲಾರದ ತರಬೇತಿಯಲ್ಲಿ ಹೇಳಿಕೊಟ್ಟರು. ಹೆಸರು ಇ-ಪೋರ್ಟ್‌ಫೋಲಿಯೋ. ನಾಲಿಗೆ ಹೊರಳದೆ ಮಕ್ಕಳು ಅದನ್ನು ಟ್ರಂಕು ಎಂದು ಕರೆದರು.

ಏಳನೆಯ ತರಗತಿಯ ಭಾಗ್ಯಳ ಮನೆಮಾತು ತೆಲುಗು. ಶಾಲೆಯಲ್ಲಿ ಅವಳ ಬಾಯಿಗೆ ಬೀಗ. ಜೂನ್‌ನಲ್ಲಿ ಮೈಕು ಹಿಡಿದರೆ ಫ್ಯಾನಿನ ಸದ್ದು, ಕಾಗೆಯ ಕೂಗು, ಕೊನೆಗೆ ಮೂರೇ ಪದ. ಅವಳ ಮಾತು ಕುದುರಿದ ಮೇಲೆ ಆ ಧ್ವನಿಮುದ್ರಣವನ್ನು ನಾನು ಅಳಿಸಲು ಹೋದರೆ ಕೈ ಹಿಡಿದಳು. “ಬೇಡ ಮಿಸ್, ಇರ್ಲಿ ಬಿಡಿ. ಅದೂ ನಂದೇ ಅಲ್ವಾ?”

ಮಾರ್ಚಿನಲ್ಲಿ ಅವಳ ತಾಯಿ ಮುನಿರತ್ನಮ್ಮ ಬಂದರು. ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವವರು. “ಏಳಕ್ಕೇ ಸಾಕು ಮೇಡಂ. ಮಾತೇ ಆಡ್ದೋಳು ಹೈಸ್ಕೂಲಲ್ಲಿ ಏನ್ ಮಾಡ್ತಾಳೆ? ಎಲ್ಲಾ ನಗ್ತಾರೆ.”

ನಾನು ಗೆಲುವಿನಿಂದ ಕೊನೆಯ ಧ್ವನಿಮುದ್ರಣ ಹಾಕಿದೆ. ಬಾದಾಮಿ ಮಾವಿಗೂ ರಸಪುರಿಗೂ ಇರುವ ವ್ಯತ್ಯಾಸವನ್ನು ಭಾಗ್ಯ ಕನ್ನಡದಲ್ಲಿ ಪಟಪಟನೆ ಹೇಳುತ್ತಿದ್ದಳು. “ಚೆನ್ನಾಗೈತೆ” ಎಂದರು ತಾಯಿ, ಅಷ್ಟೇ. ಆಗ ಭಾಗ್ಯಳೇ ಮೊದಲನೆಯದನ್ನು ಹಾಕಿದಳು. ಫ್ಯಾನು, ಕಾಗೆ. ನಡುವೆ ಒಂದು ಹೆಣ್ಣುದನಿ: “ಅವಸರ ಇಲ್ಲ ಪುಟ್ಟಿ. ತೆಲುಗಲ್ಲೇ ಹೇಳು. ನಾನು ಕಾಯ್ತೀನಿ.” ಬಹಳ ಹೊತ್ತಿನ ಮೇಲೆ ಅವಳು ತನ್ನ ಹೆಸರು ಹೇಳಿದ್ದು: “ನಾ ಪೇರು ಭಾಗ್ಯ.”

“ಆ ಮೆತ್ತಗೆ ಮಾತಾಡಿದ್ದು ಯಾರು?” ಎಂದರು ತಾಯಿ.

“ಮಿಸ್ಸೇ ಕಣಮ್ಮಾ!”

ನನಗೇ ಗುರುತು ಸಿಕ್ಕಿರಲಿಲ್ಲ. ಸಿಡುಕಿಯೆಂದು ಊರಿಗೇ ಗೊತ್ತಿರುವ ನನ್ನ ಗಂಟಲಿನಲ್ಲಿ ಇಂಥ ದನಿಯೂ ಇದೆಯೆಂದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಮುನಿರತ್ನಮ್ಮ ನನ್ನತ್ತ ತಿರುಗಿ ಕೇಳಿದರು: “ಹೈಸ್ಕೂಲಲ್ಲೂ ಹಿಂಗೆ ಕಾಯೋರು ಇರ್ತಾರಾ ಮೇಡಂ?”

“ಇರ್ತಾರೆ” ಎಂದುಬಿಟ್ಟೆ. ಅಂದದ್ದು ನಿಜವಾಗಬೇಕಲ್ಲ! ಅಂದು ಸಂಜೆಯೇ ಹೈಸ್ಕೂಲಿನ ಕನ್ನಡ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ, ಮಗಳನ್ನು ಗಂಡನ ಮನೆಗೆ ಒಪ್ಪಿಸುವಂತೆ ಭಾಗ್ಯಳನ್ನು ಒಪ್ಪಿಸಿ ಬಂದೆ. ಜೂನ್‌ನಲ್ಲಿ ಅವಳು ಅಲ್ಲಿಗೆ ಸೇರಿದಳು.

ಮಕ್ಕಳಿಗೆಂದು ಇಟ್ಟ ಟ್ರಂಕಿನಲ್ಲಿ ನನ್ನದೂ ಒಂದು ಒಳ್ಳೆಯ ಗಳಿಗೆ ಸೇರಿಕೊಂಡಿತ್ತು. ನನ್ನ ಕೈ ಹಿಡಿದು ಅದನ್ನು ಉಳಿಸಿಕೊಟ್ಟ ಆ ಹುಡುಗಿಗೆ ನಾನು ಋಣಿ. ಈಗ ಪೊರಕೆ ಎತ್ತಿದಾಗಲೂ ಒಂದು ಕ್ಷಣ ತಡೆಯುತ್ತೇನೆ. ಯಜಮಾನರ ಕನ್ನಡಕವೂ ಬಚಾವಾಗಿದೆ.