ಹಳೆಯ ಲಾಟು, ಹೊಸ ಲಾಟು

ಬೀದರಿನಲ್ಲಿ ಪೊಲೀಸರ ಬಂದೂಕು ದುರಸ್ತಿ ಮಾಡುವ ಕೋಣೆಯಲ್ಲಿ ನನ್ನ ನೌಕರಿಯ ಕಾಲವೆಲ್ಲ ಕಳೆಯಿತು. ಎಲ್ಲರೂ ನನ್ನನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಭಾಲ್ಕಿಯ ನಮ್ಮ ಮನೆಯಲ್ಲಿ ಅವ್ವ ಮರಾಠಿಯಲ್ಲಿ ಬೈದರೆ ಅಪ್ಪ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದ. ಹಾಗೆ ಬೆಳೆದದ್ದಕ್ಕೋ ಏನೋ, ಯಾರ ಮನಸ್ಸೂ ನೋಯದಂತೆ ಮಾತಾಡುವುದು ನನಗೆ ಚಿಕ್ಕಂದಿನಿಂದ ರೂಢಿ. ಅದನ್ನು ನಾನು ಒಳ್ಳೆಯ ಗುಣ ಎಂದೇ ತಿಳಿದಿದ್ದೆ.

ಔರಾದ ತಾಲ್ಲೂಕಿನ ಠಾಣಾ ಕುಶನೂರದ ಒಬ್ಬ ಹವಾಲ್ದಾರ ನನ್ನ ಗೆಳೆಯ. ಬೀದರಿನ ನೌಬಾದದಲ್ಲಿ ನಮ್ಮಿಬ್ಬರ ಮನೆಗಳು ಒಂದೇ ಓಣಿಯಲ್ಲಿದ್ದವು. ಕುರಿ ಕಾಯುವವರ ಮನೆತನ ಅವನದು. ಓಡಿಹೋಗುವ ಕುರಿಗೆ ತಾಗದಂತೆ, ಸರಿಯಾಗಿ ಅದರ ಮೂತಿಯ ಮುಂದೆ ಕಲ್ಲು ಬೀಳಿಸಿ ತಿರುಗಿಸುವುದನ್ನು ಎಂಟನೇ ವಯಸ್ಸಿಗೇ ಕಲಿತಿದ್ದನಂತೆ. ನಮ್ಮ ಪಡೆಯಲ್ಲಿ ಅವನಂಥ ಗುರಿಕಾರ ಇನ್ನೊಬ್ಬನಿರಲಿಲ್ಲ. ಪ್ರತಿ ವರ್ಷದ ಗುಂಡು ಹಾರಿಸುವ ಸ್ಪರ್ಧೆಗೆ ಅವನ ಹೆಸರನ್ನು ಯಾರನ್ನೂ ಕೇಳದೇ ಬರೆಯುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಅಭ್ಯಾಸ ಶುರುವಾದಾಗ ಅವನ ಗುಂಡುಗಳು ಚದುರತೊಡಗಿದವು. ಒಂದು ದಿನ ತೂತು ಬಿದ್ದ ಗುರಿಹಾಳೆಯನ್ನು ಸುರುಳಿ ಸುತ್ತಿಕೊಂಡು ನನ್ನ ಕೋಣೆಗೆ ಬಂದ.

“ಮಿಸ್ತ್ರಿ, ಈ ಸಲದ ಮಾಲ್ ಖರಾಬ್ ಅದ ನೋಡು. ಹಳೇ ಲಾಟಿನಾಗ ಹಿಂಗ ಎಂದಾದ್ರೂ ಆಗಿತ್ತೇನು?”

ಒಂದೇ ಸಲಕ್ಕೆ ತಯಾರಾಗಿ ಬಂದ ಗುಂಡುಗಳಿಗೆ ನಾವು ಲಾಟು ಎನ್ನುತ್ತೇವೆ. ಒಂದು ಲಾಟಿಗೂ ಇನ್ನೊಂದಕ್ಕೂ ಮದ್ದಿನಲ್ಲಿ, ತೂಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ದೂರದಲ್ಲಿ ಅದು ಕಾಣುತ್ತದೆ. ಹಾಗಾಗಿ ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಳೆಯ ಲಾಟಿನ ಗುಂಡುಗಳು ಒಂದಿಷ್ಟು ಉಳಿದಿದ್ದವು. ಸಾಹೇಬರನ್ನು ಕೇಳಿದೆ. ಎರಡನ್ನೂ ಹೊಡೆದು ನೋಡಿ ವರದಿ ಬರೆದುಕೊಡು ಎಂದರು.

ಮರುದಿನ ಬೆಳಿಗ್ಗೆ ಇಬ್ಬರೇ ಮೈದಾನಕ್ಕೆ ಹೋದೆವು. ಗುಂಡು ತಡೆಯುವ ಕೆಂಪು ಮುರುಮಿನ ದಿಬ್ಬದ ಮೇಲೆ ಇನ್ನೂ ಇಬ್ಬನಿ ಇತ್ತು. ನಮ್ಮ ಎಸ್‌ಎಲ್‌ಆರ್ ಸೈನ್ಯದಿಂದ ಬಂದ ಹಳೆಯ ಬಂದೂಕು. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹೋಗಿ, ಮುಂದಿನದು ತಾನೇ ಬಂದು ಕೂರುತ್ತದೆ. ಅವನು ದಿನವೂ ಬಳಸುವ ಬಂದೂಕನ್ನೇ ಮರಳಿನ ಚೀಲದ ಮೇಲಿಟ್ಟು ಮೊದಲು ನಾನು ಮಲಗಿ ಗುರಿಯಿಟ್ಟೆ. ಹಳೆಯದು ಐದು, ಹೊಸದು ಐದು, ಮತ್ತೆ ಹಳೆಯದು, ಮತ್ತೆ ಹೊಸದು. ನಡುನಡುವೆ ನಳಿಗೆ ಆರಲಿ ಎಂದು ಕಾಯುತ್ತಿದ್ದೆ. ಬಿಸಿಯಾದ ನಳಿಗೆ ಒಂದು ಲಾಟಿಗೆ ಅನ್ಯಾಯ ಮಾಡಬಾರದಲ್ಲ.

ಹಾಳೆ ತಂದು ಅಳೆದೆ. ಐದೈದು ತೂತುಗಳ ನಾಲ್ಕೂ ಗುಂಪುಗಳು ಅಂಗೈಯಲ್ಲಿ ಮುಚ್ಚಿಹೋಗುವಷ್ಟೇ ಅಗಲ. ಹಳೆಯದಕ್ಕೂ ಹೊಸದಕ್ಕೂ ಭೇದವೇ ಇರಲಿಲ್ಲ. ಅವನಿಗೆ ತೋರಿಸದೆ ಮಡಚಿ ಜೇಬಿನಲ್ಲಿಟ್ಟುಕೊಂಡೆ.

“ಈಗ ನೀ ಹೊಡಿ” ಎಂದೆ.

ಅವನು ಮ್ಯಾಗಜಿನ್‌ಗೆ ಗುಂಡು ತುಂಬಲು ಕುಳಿತ. ಮೊದಲ ಗುಂಡು ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಹೆಬ್ಬೆರಳಿನಿಂದ ಒತ್ತಲು ಹೋದರೆ ಸ್ಪ್ರಿಂಗ್ ಅವನನ್ನೇ ಹಿಂದಕ್ಕೆ ತಳ್ಳುತ್ತಿತ್ತು.

“ಥಂಡಿ ಭಾಳ ಅದ” ಎಂದು ನಕ್ಕ.

ಆ ಹೊತ್ತಿಗೆ ಬಿಸಿಲು ಬಂದಿತ್ತು. ನಾನೇ ತುಂಬಿಕೊಟ್ಟೆ. ಅವನು ಎರಡೂ ಲಾಟಿನಿಂದ ಐದೈದು ಹೊಡೆದ. ಎರಡೂ ಒಂದೇ ರೀತಿ ಕೆಳಗೆ, ಬಲಕ್ಕೆ ಚೆಲ್ಲಿದ್ದವು. ಎರಡು ಗುಂಡು ಹಾಳೆಗೇ ತಾಗಿರಲಿಲ್ಲ. ಟ್ರಿಗರ್ ಒತ್ತುವಾಗ ಅವನ ಬೆರಳೊಂದೇ ಅಲ್ಲ, ಇಡೀ ಕೈ ಹಿಂಡಿಕೊಳ್ಳುವುದನ್ನು ಪಕ್ಕದಲ್ಲಿ ಮಲಗಿ ನೋಡಿದ್ದೆ. ದೋಷ ಗುಂಡಿನಲ್ಲಿಲ್ಲ, ಬಂದೂಕಿನಲ್ಲಿಲ್ಲ, ಕೈಯಲ್ಲಿದೆ ಎಂದು ನನಗೆ ಆಗಲೇ ತಿಳಿಯಿತು.

“ಹ್ಯಾಂಗ ಅದ? ಹೇಳು” ಎಂದ. ಸಣ್ಣ ಹುಡುಗ ಪರೀಕ್ಷೆಯ ಫಲಿತಾಂಶ ಕೇಳಿದ ಹಾಗೆ ಮುಖ ಮಾಡಿದ್ದ.

“ನೀ ಹೇಳಿದ್ದು ಖರೇ ಅದ. ಹೊಸಾದು ಚೆಲ್ಲತದ. ಹಳೇದೂ ಈಗ ಕೆಟ್ಟಂಗ ಕಾಣ್ತದ” ಎಂದೆ.

ಅವನ ಮುಖ ಅರಳಿತು. “ನಾ ಹೇಳಿರಲಿಲ್ಲೇನು!” ಎಂದು ನನ್ನ ಬೆನ್ನು ತಟ್ಟಿದ. ದಾರಿಯಲ್ಲಿ ಚಹಾ ಕುಡಿಸಿದ. ಅಂದು ಮಧ್ಯಾಹ್ನ ಕೋಣೆಯಲ್ಲಿ ಕುಳಿತು ಸಾಹೇಬರಿಗೆ ವರದಿ ಬರೆದೆ: ಎರಡೂ ಲಾಟುಗಳ ನಿಖರತೆ ಸಮವಾಗಿದೆ, ಬಳಕೆಗೆ ಯೋಗ್ಯವಾಗಿವೆ.

ಸ್ಪರ್ಧೆಯಲ್ಲಿ ಅವನು ಎಲ್ಲರಿಗಿಂತ ಹಿಂದೆ ಬಿದ್ದ. ಅಲ್ಲಿಯ ಗುಂಡೂ ಸರಿಯಿರಲಿಲ್ಲ ಎಂದು ಬಂದು ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಬೇಸಿಗೆ ಹೋಯಿತು, ಮಳೆ ಬಂತು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡುತ್ತಿದ್ದಾಳೆಂದು ನಗುತ್ತಾ ಹೇಳಿದ. ಕಾಲಿನ ಚಪ್ಪಲಿ ಹಾದಿಯಲ್ಲಿ ಕಳಚಿ ಬಿದ್ದರೂ ತಿಳಿಯದೆ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದ ದಿನ ಅವಳು ಹೆದರಿ ನನ್ನನ್ನು ಕರೆದಳು. ಹೈದರಾಬಾದಿಗೆ ಕರೆದುಕೊಂಡು ಹೋದೆವು.

ಕುತ್ತಿಗೆಯೊಳಗೆ ಬೆನ್ನುಹುರಿ ಒತ್ತಿಕೊಂಡಿದೆ, ಅದಕ್ಕೇ ಕೈಕಾಲಿನ ಶಕ್ತಿ ಹೋಗುತ್ತಿದೆ ಎಂದರು ಡಾಕ್ಟರು. ಕೈ ಯಾವಾಗಿನಿಂದ ಹೀಗಿದೆ ಎಂದು ಕೇಳಿದರು.

“ಎರಡು ತಿಂಗಳಾಯ್ತ್ರಿ” ಎಂದಳು ಹೆಂಡತಿ.

ನಾನು ಅಲ್ಲೇ ನಿಂತಿದ್ದೆ. ಮೈದಾನದ ಆ ಬೆಳಿಗ್ಗೆಯಿಂದ ಒಂಬತ್ತು ತಿಂಗಳಾಯಿತೆಂದು ಗೊತ್ತಿದ್ದೂ ಅವಳ ಮಾತನ್ನು ತಿದ್ದಲಿಲ್ಲ. ಆಪರೇಷನ್ ಆಯಿತು. ಇನ್ನು ಹೆಚ್ಚಾಗುವುದಿಲ್ಲ, ಆದರೆ ಹೋದ ಶಕ್ತಿ ಪೂರ್ತಿ ಮರಳುವುದಿಲ್ಲ, ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರು. ಅವನು ಕೋಲು ಹಿಡಿದು ನಡೆಯುವಂತಾದ. ಬಲಗೈ ಮಾತ್ರ ಒಂದು ಲೋಟವನ್ನೂ ನಂಬಿಕೆಯಿಂದ ಹಿಡಿಯಲಿಲ್ಲ. ನೌಕರಿ ಬಿಟ್ಟು ಊರಿಗೆ ಹೋದ.

ಒಂದು ವರ್ಷ ತಡೆದುಕೊಂಡು, ಕಡೆಗೆ ಔರಾದದ ಬಸ್ಸು ಹತ್ತಿ ಹೋದೆ. ತೊಗರಿ ಹೂ ಬಿಟ್ಟ ಕಾಲ. ಹೊಲದ ಬದುವಿನ ಮೇಲೆ ಕುಳಿತಿದ್ದ ಅವನ ಪಕ್ಕ ಕುಳಿತು ಎಲ್ಲ ಹೇಳಿದೆ.

ಅವನು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ, “ನೀ ಎಷ್ಟು ಹೊಡೆದಿದ್ದಿ?”

“ಇಪ್ಪತ್ತು.”

“ಎರಡೂ ಸಮ ಇದ್ದವು?”

“ಸಮ ಇದ್ದವು.”

“ಕಾಗದದಾಗ ಏನು ಬರೆದಿ?”

“ಖರೇದೇ ಬರೆದೆ.”

“ಸಾಹೇಬ್ರಿಗಿ ಖರೇ” ಎಂದ, “ನನಗ ಸುಳ್ಳು.”

ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕೋಲು ಊರಿ ಎದ್ದು, ಮನೆಗೆ ನಡಿ, ಊಟದ ಹೊತ್ತಾಯ್ತು ಎಂದ. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಎಡಗೈಯಲ್ಲಿ ರೊಟ್ಟಿ ಮುರಿಯುತ್ತಾ ಮಳೆಯ ಬಗ್ಗೆ, ಸೋಯಾದ ಬಗ್ಗೆ ಮಾತಾಡಿದ. ನನ್ನ ಮುಖ ನೋಡಲಿಲ್ಲ.

ಅದಾದ ಮೇಲೆ ಎರಡು ಸಲ ಹೋದೆ. ಎರಡನೆಯ ಸಲ ಅವನ ಹೆಂಡತಿ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಬಂದಳು. ಸೆರಗಿನ ಅಂಚು ಹಿಡಿದುಕೊಂಡು, ತಡೆತಡೆದು ಹೇಳಿದಳು:

“ಅವರಿಗಿ ಸಿಟ್ಟಿಲ್ಲರಿ ಅಣ್ಣಾ. ಆದ್ರ ನೀವು ಬಂದು ಹೋದ್ರ ಎರಡು ದಿನ ಆ ಕೈ ನೋಡಿಕೋತ ಕೂಡ್ತಾರ. ಸ್ವಲ್ಪ ದಿನ ಬರಬ್ಯಾಡ್ರಿ.”

ಆಯ್ತವ್ವಾ ಎಂದೆ. ಬಸ್ಸು ಬಂತು, ಹತ್ತಿದೆ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಇದೀಗ ಮೂರನೆಯ ವರ್ಷ.